ಮುನೀಂದ್ರನ ಎಡೆಗೆ ಒಂದು ಲೋಟ

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ನೆಲ ಒರೆಸುತ್ತಾ ಮಾವನ ಮಂಚದ ಮೂಲೆಗೆ ಬಂದ ರೂಪಾಳ ಕೈಗೆ ಒಂದು ಸೀಸೆ ತಗುಲಿತು. ಎತ್ತಿ ಬೆಳಕಿಗೆ ಹಿಡಿದಳು. ಗಂಡ ಮುನೀಂದ್ರ ತೀರಿಕೊಂಡ ಈ ಮೂರು ವರ್ಷದಲ್ಲಿ ಆ ಮನೆಯಲ್ಲಿ ಸೀಸೆಯೆಂದರೆ ಕೊಬ್ಬರಿ ಎಣ್ಣೆಯದು ಮಾತ್ರ.

"ಅಲ್ಲಾಡಿಸ್ಬ್ಯಾಡಮ್ಮ! ಗಷ್ಟು ಏಳ್ತದೆ!" ಮಾವ ಆಂಜಿನಪ್ಪ ಮಂಚದಿಂದಲೇ ಕೈ ಚಾಚಿದ.

ಅವನು ಮೈಸೂರು ಮೈನ್ಸ್ ಚಿನ್ನದ ಗಣಿಯ ಸಾಹೇಬರ ಬಂಗಲೆಯಲ್ಲಿ ಬಟ್ಲರ್ ಆಗಿದ್ದವನು. ಗಣಿ ಮುಚ್ಚಿದಾಗ ಸಾಹೇಬರು ಕೊಟ್ಟುಹೋದ ಹಳೆಯ ಪೋರ್ಟ್ ವೈನ್ ಇದು. ಅಂದಿನಿಂದ ಅಟ್ಟದ ರಾಗಿಹುಲ್ಲಿನಲ್ಲಿ ಮಲಗಿತ್ತು. ಯಾವ ಮಗ್ಗುಲು ಮೇಲಿರಬೇಕೆಂದು ತಿಳಿಯಲು ಗಾಜಿಗೆ ಸುಣ್ಣದ ಗುರುತು. ಗಷ್ಟು ತಳ ಸೇರಲೆಂದು ಮೊನ್ನೆಯಷ್ಟೇ ಇಳಿಸಿ ನೆಟ್ಟಗೆ ನಿಲ್ಲಿಸಿದ್ದ.

"ಮುನೀಂದ್ರನ ಎಡೆಗೆ ಒಂದು ಲೋಟ ಇಡ್ತೀನಿ."

ರೂಪ ದನಿ ತಗ್ಗಿಸಿದಳು. "ಬ್ಯಾಡ ಮಾವ. ಮಗೀಗೆ ಅವ್ರಪ್ಪಂಗೆ ಬರೀ ಕಾಮಾಲೆ ಅಂತ ಏಳಿದ್ದೀನಿ. ಅಷ್ಟೇ ಇರ್ಲಿ."

"ಇದು ಅವ್ನು ಕುಡೀತಿದ್ದಂಥದ್ದಲ್ಲಮ್ಮ."

ಬೇರೆಯವರ ಎಡೆಯಲ್ಲಿ ಸತ್ತವರಿಗೆ ಇಷ್ಟವಾದ ಬೀಡಿ, ಬ್ರಾಂದಿ ಎಲ್ಲವೂ ಇರುತ್ತಿದ್ದವು. ರೂಪ ಮಾತ್ರ ವಡೆ, ಪಾಯಸ, ಕೋಳಿಸಾರಿಗೇ ನಿಲ್ಲಿಸುತ್ತಿದ್ದಳು. ಆದರೆ ಮಾವನ ಮುಖ ನೋಡಿ ಇವತ್ತು ಎದುರಾಡಲು ಮನಸ್ಸು ಬರಲಿಲ್ಲ.

ಬಿರಡೆ ಪುಡಿಪುಡಿಯಾಗಿ ಬಂತು. ಒಂಬತ್ತು ವರ್ಷದ ಮಗಳು ಸಹನ, ಗಷ್ಟು ಬರುವುದು ಕಾಣಲೆಂದು, ಸೀಸೆಯ ಕತ್ತಿನ ಹಿಂದೆ ಮೇಣದಬತ್ತಿ ಹಿಡಿದಳು. ತೆಳುಬಟ್ಟೆಯ ಮೂಲಕ ಆಂಜಿನಪ್ಪ ಚೊಂಬಿಗೆ ಬಗ್ಗಿಸಿದ. ಒಂದು ಹನಿಯೂ ಆಚೆ ಬೀಳಲಿಲ್ಲ.

"ಕಪ್ಪಗೆ ಬಂತು ತಾತ, ನಿಲ್ಸು!"

"ಭೇಷ್! ನಿನ್ನ ನೋಡಿದ್ರೆ ಸಾಹೇಬ್ರು ನನ್ ಕೆಲ್ಸ ಕಿತ್ತು ನಿಂಗೇ ಕೊಡೋರು ಕಣಮ್ಮಿ."

ಒಣದ್ರಾಕ್ಷಿ, ಬೆಲ್ಲದ ಪಾಕ, ಹುರಿದ ಕಡಲೆಬೀಜ, ಎಲ್ಲ ಸೇರಿದಂಥ ವಾಸನೆ ಎದ್ದಿತು. ಆಂಜಿನಪ್ಪ ಒಂದು ಗುಟುಕು ಬಾಯಲ್ಲಿಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ಕೂತ.

"ನುಂಗಿದ್ಮ್ಯಾಲೆ ಕಾಯ್ಬೇಕು. ರುಚಿ ನಿಧಾನಕ್ಕೆ ಬತ್ತದೆ. ಸಾಹೇಬ್ರು ಊಟ ಆದ್ಮ್ಯಾಲೆ ಇಷ್ಟೇ ಇಷ್ಟು ಬಗ್ಗಿಸ್ಕೊಂಡು ಒಂದ್ಗಂಟೆ ಕೂರೋರು." ಚೊಂಬನ್ನು ಪಕ್ಕಕ್ಕೆ ಸರಿಸಿದ. "ಮಗನ್ನ ಒಂದಿನಾನೂ ಪಕ್ಕ ಕೂರಿಸ್ಕೊಂಡು ಇದನ್ನ ಕಲಿಸ್ಲಿಲ್ಲ. ಗಟಗಟ ಕುಡಿದಾಕ್ತಾನೆ ಅಂತ ಬಚ್ಚಿಟ್ಟೆ."

ಮಗಳಿದ್ದಾಳೆ ಎಂಬಂತೆ ರೂಪ ಕೆಮ್ಮಿದಳು. ಈಚೆಗೆ ಸ್ಕೂಲಿನಿಂದ ಬಂದಾಗಲೆಲ್ಲ ಮಗಳು ಏನೋ ಕೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದಳು. ರೂಪಾಳೂ ತಿಳಿಯದವಳಂತೆ ಅವಳಿಗೆ ತಲೆ ಬಾಚುತ್ತಿದ್ದಳು.

"ದ್ರಾಕ್ಷಿ ರಸ ಇಷ್ಟು ವರ್ಷ ಕೆಡಲ್ವಾ ತಾತ?"

"ಅದು ಉಕ್ಕೋವಾಗ್ಲೇ ಬ್ರಾಂದಿ ಬೆರೆಸ್ತಾರೆ. ಆವಾಗ ಸಿಹಿ ಅಂಗೇ ಉಳೀತದೆ." ಹೇಳಿದವನೇ ಆಂಜಿನಪ್ಪ ನಾಲಿಗೆ ಕಚ್ಚಿಕೊಂಡ.

"ಸಹನಾ, ಎಲೆ ತೊಳ್ಕೊಂಡು ಬಾಮ್ಮ," ಎಂದಳು ರೂಪ, ಅವಸರವಾಗಿ.

ಮಗಳು ಎಲೆ ತೊಳೆದು ತಂದು ಅಪ್ಪನ ಫೋಟೋದ ಮುಂದೆ ಹಾಸಿದಳು. ವಡೆ ಇಟ್ಟಳು, ಪಾಯಸ ಇಟ್ಟಳು. ತಾತ ಕೊಟ್ಟ ಲೋಟವನ್ನೂ ಇಟ್ಟಳು. ಆಮೇಲೆ ಅದನ್ನು ಎರಡು ಬೆರಳಲ್ಲಿ ಹಿಡಿದು, ಚೆಲ್ಲದ ಹಾಗೆ, ಫೋಟೋದಿಂದ ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

"ಅಮ್ಮ, ಬ್ರಾಂದಿ ಕುಡಿದೇ ಅಲ್ವಾ ಅಪ್ಪ ಸತ್ತಿದ್ದು?"