ದೇವರ ಕೋಣೆಯ ಜೇಡ

ಮನೆಯೊಳಗಿನ ಜೇಡಗಳ ಬಗ್ಗೆ ನಾನು ಬರೆದ ಪುಸ್ತಕ ನಮ್ಮ ಭಾಗದ ವಿಜ್ಞಾನ ಪುಸ್ತಕ ಪ್ರಶಸ್ತಿಗೆ ನಾಮನಿರ್ದೇಶನವಾಯಿತು. ಅಭಿನಂದಿಸಲು ಕುರುಗೋಡಿನಿಂದ ನೆಂಟರು ಹೊರಟಿದ್ದೇ ತಡ, ಅತ್ತೆ ವೀರಭದ್ರಮ್ಮ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿದರು. ಪುಸ್ತಕ ಮುಗಿಯುವವರೆಗೆ ಒಂದು ಬಲೆಯನ್ನೂ ತೆಗೆಯಲು ನಾನು ಬಿಟ್ಟಿರಲಿಲ್ಲ. “ಗಾಂಧಿನಗರದಾಗ ಪಾಳುಬಿದ್ದ ಮನಿ ಅಂದ್ರ ನಮ್ಮದ” ಎಂದು ಅವರು ಗೊಣಗದ ದಿನವಿರಲಿಲ್ಲ. ಈಗ ತಡೆಯಲು ನನಗೆ ನೆಪವಿರಲಿಲ್ಲ. ಸಿಟ್ಟು ಮಾತ್ರ ಇತ್ತು.

ನೆಂಟರು ಬಂದಾಗ ಗೋಡೆಗಳು ಥಳಥಳಿಸುತ್ತಿದ್ದವು. ದೇವರ ಕೋಣೆಯ ಬಾಗಿಲ ಮೇಲೆ ಮಾತ್ರ ಒಂದು ದೊಡ್ಡ ಬಲೆ ಹಾಗೇ ಇತ್ತು. ಅತ್ತೆಯ ತಂಗಿ ಅದನ್ನು ತೆಗೆಯಲು ಕೈ ಎತ್ತಿದರು.

“ಅದನ್ನ ಮುಟ್ಟಬ್ಯಾಡವ್ವ,” ಎಂದರು ಅತ್ತೆ. “ಪುಸ್ತಕದ ಮ್ಯಾಲೆ ಫೋಟೋ ಬಂದಾಕಿ ಈಕಿನ. ಪ್ರಶಸ್ತಿ ಬಂದ್ರ ಸೊಸಿಗೂ ಈಕಿಗೂ ಕೂಡೇ ಆರತಿ ಮಾಡ್ತೀನಿ.”