ನುಗ್ಗೇಹಳ್ಳಿಯ ಶ್ರುತಿ

ಎರಡನೇ ಚರಣದ ನಡುವೆ ಭರತೇಶನ ಬೇಸ್ ಗಿಟಾರು ಸದ್ದು ನಿಲ್ಲಿಸಿತು. ಬೆರಳುಗಳು ತಂತಿಯನ್ನು ಎಳೆದು ಬಿಡುತ್ತಲೇ ಇದ್ದವು, ಬೆನ್ನ ಹಿಂದೆ ಇಟ್ಟುಕೊಂಡಿದ್ದ ಅವನದೇ ಸ್ಪೀಕರಿನಿಂದ ಮಾತ್ರ ಏನೂ ಬರಲಿಲ್ಲ. ಗಿಟಾರಿನೊಳಗೆ ಕೂರುವ ಚೌಕ ಬ್ಯಾಟರಿ ಮುಗಿದಿದೆ ಎಂದು ತಕ್ಷಣ ಹೊಳೆಯಿತು. ಬೇಸ್ ಇಲ್ಲದ ಹಾಡು ನೆಲ ಕಳೆದುಕೊಂಡು ತೂಗಾಡುತ್ತದೆ, ಇನ್ನೊಂದು ಕ್ಷಣದಲ್ಲಿ ಇಡೀ ಕಲ್ಯಾಣ ಮಂಟಪಕ್ಕೆ ಗೊತ್ತಾಗಿಬಿಡುತ್ತದೆ ಎಂದು ಗಾಬರಿಯಾಗಿ, ಕೀಬೋರ್ಡಿನ ಹಿಂದಿದ್ದ ಅಮರನಾಥನಿಗೆ ಸನ್ನೆ ಮಾಡಲು ತಿರುಗಿದ. ತಿರುಗಿದವನ ಕೈ ಅರ್ಧದಲ್ಲೇ ನಿಂತಿತು.

ಮಂಟಪದ ಎರಡೂ ಬದಿಯ ಎತ್ತರದ ಬಾಕ್ಸುಗಳಲ್ಲಿ ಬೇಸ್ ನಡೆಯುತ್ತಲೇ ಇತ್ತು. ಅವನು ನುಡಿಸಬೇಕಾಗಿದ್ದ ಸ್ವರಗಳನ್ನೇ, ಅವನು ನುಡಿಸಬೇಕಾಗಿದ್ದ ಜಾಗದಲ್ಲೇ, ಒಂದು ಪೆಟ್ಟೂ ತಪ್ಪದೆ ಯಾರೋ ನುಡಿಸುತ್ತಿದ್ದರು. ವೇದಿಕೆಯ ಹಲಗೆ ಆ ಸ್ವರಗಳಿಗೆ ಅದುರುತ್ತಿತ್ತು. ಅಮರನಾಥನ ಎರಡೂ ಕೈ ಕೀಬೋರ್ಡಿನ ಮೇಲಿನ ಸ್ವರಗಳಲ್ಲಿದ್ದವು, ಬೇಸ್ ಅವನದಲ್ಲ. ಅವನ ಪಕ್ಕದ ಲ್ಯಾಪ್‌ಟಾಪಿನ ಪರದೆಯಲ್ಲಿ ಹಸಿರು ಗೆರೆಯೊಂದು ತಾಳಕ್ಕೆ ಸರಿಯಾಗಿ ಎದ್ದು ಬೀಳುತ್ತಿತ್ತು.

ಹಾಡುತ್ತಿದ್ದ ಮಾನಸಾ ಪಲ್ಲವಿಗೆ ಮರಳುವ ಮುಂಚೆ ಅವನತ್ತ ನೋಡಿದಳು. ಅವನ ಮುಖವನ್ನು, ಮೂಕವಾಗಿದ್ದ ಸ್ಪೀಕರನ್ನು ಒಟ್ಟಿಗೇ ನೋಡಿ, ತಾನು ಏನನ್ನೂ ನೋಡಲಿಲ್ಲ ಎನ್ನುವ ಹಾಗೆ ಜನರ ಕಡೆ ತಿರುಗಿದಳು. ಅಷ್ಟರಿಂದಲೇ ಭರತೇಶನಿಗೆ ಎಲ್ಲವೂ ತಿಳಿಯಿತು. ಅವಳಿಗೆ ಗೊತ್ತಿತ್ತು. ತಂಡದ ಎಲ್ಲರಿಗೂ ಗೊತ್ತಿತ್ತು.

ಅವನು ನುಡಿಸುವುದನ್ನು ನಿಲ್ಲಿಸಬಹುದಾಗಿತ್ತು. ಮುಂದಿನ ಸಾಲಿನಲ್ಲಿ ಯಾರೋ ಫೋನು ಎತ್ತಿ ಹಿಡಿದು ಅವನನ್ನೇ ಚಿತ್ರಿಸುತ್ತಿದ್ದರು. ಅವನು ಬೆರಳಾಡಿಸುತ್ತಲೇ ಹೋದ. ಕಣ್ಣು ಮುಚ್ಚಿ ತಲೆದೂಗುವ ಅಭ್ಯಾಸವಿತ್ತು, ಅದನ್ನೂ ಮಾಡಿದ.

ಹೋದ ತಿಂಗಳು ಹಾಸನದ ಹುಡುಗನೊಬ್ಬ ತನ್ನ ಯೂಟ್ಯೂಬ್ ಚಾನೆಲ್ಲಿಗೆಂದು ಅವನನ್ನು ಮಾತಾಡಿಸಿದ್ದ. ಭರತೇಶನಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿತ್ತು, ಕೇಳುವವರೇ ಸಿಕ್ಕಿರಲಿಲ್ಲ. ನಾಲ್ಕು ತಂತಿ ಸಾಲದವನಿಗೆ ಐದಾದರೂ ಸಾಲುವುದಿಲ್ಲ ಎಂದ. ಹೊಸ ತಂತಿ ತಗಡಿನ ಹಾಗೆ ಕಿರುಚುತ್ತದೆ, ಬೆವರು ಕುಡಿದ ತಂತಿಯಲ್ಲೇ ನಾದವಿರುವುದು ಎಂದ. ಶ್ರುತಿ ನೋಡುವ ಯಂತ್ರ ಕಿವಿ ಇಲ್ಲದವರ ಊರುಗೋಲು, ತಾನು ಕೀಬೋರ್ಡನ್ನೂ ಕೇಳದೆ ಶ್ರುತಿ ಮಾಡಿಕೊಳ್ಳುತ್ತೇನೆ ಎಂದ. ಅಲ್ಲಿಂದ ಮಾತು ವ್ಯಾಪಾರಕ್ಕೆ ಹೋಯಿತು. ಆರ್ಕೆಸ್ಟ್ರಾಗಳು ಕೆಟ್ಟದ್ದು ಡಿಜೆಯಿಂದಲ್ಲ, ಪೆನ್‌ಡ್ರೈವಿನಿಂದ. ಮೊದಲೇ ಮುದ್ರಿಸಿದ ಟ್ರ್ಯಾಕ್ ಹಾಕಿಕೊಂಡು ಸುಮ್ಮನೆ ಕೈಯಾಡಿಸುವವರು ಮದುವೆ ಮನೆಯ ಬಾಗಿಲಲ್ಲಿ ಕೈಮುಗಿದು ನಿಲ್ಲುವ ಬೊಂಬೆಗಳು ಎಂದ. ಹುಡುಗ ನಕ್ಕ. ಆ ನಗು ಹಿತವಾಗಿ, ಕೇಳದಿದ್ದ ಇನ್ನೊಂದು ಮಾತನ್ನೂ ಸೇರಿಸಿದ: ಈಗಿನ ಗಾಯಕಿಯರಿಗೆ ಶ್ರುತಿಯೇ ನಿಲ್ಲುವುದಿಲ್ಲ, ನುಗ್ಗೇಹಳ್ಳಿಯ ಕಾರ್ಯಕ್ರಮದಲ್ಲಿ ನಮ್ಮ ತಂಡದ ಹುಡುಗಿಯೇ ಜನರ ಮುಂದೆ ತಪ್ಪಿದಳು, ಕೆಳಗೆ ಬೇಸಿನಲ್ಲಿ ತಾನು ಭದ್ರವಾಗಿ ಹಿಡಿದಿದ್ದಕ್ಕೆ ಮಾನ ಉಳಿಯಿತು.

ಹೆಸರು ಹೇಳಿರಲಿಲ್ಲ. ತಂಡದಲ್ಲಿ ಇದ್ದ ಗಾಯಕಿ ಒಬ್ಬಳೇ.

ಹಾಡು ಮುಗಿದು ಚಪ್ಪಾಳೆ ಬಿತ್ತು. ಉಡುಗೊರೆ ಕೊಡುವವರ ಸಾಲು ಉದ್ದವಾಗಿದೆ, ಸ್ವಲ್ಪ ಬಿಡುವು ಎಂದು ಅಮರನಾಥ ಮೈಕಿನಲ್ಲಿ ಹೇಳಿ ಯಾರ ಮುಖವನ್ನೂ ನೋಡದೆ ಊಟದ ಮನೆಯತ್ತ ಇಳಿದುಹೋದ. ಭರತೇಶ ಗಿಟಾರನ್ನು ಕೊರಳಿಂದ ತೆಗೆಯುವಷ್ಟರಲ್ಲಿ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಚಂದ್ರಶೇಖರಯ್ಯ ವೇದಿಕೆ ಹತ್ತಿ ಬಂದರು. ಅವರು ಮದುಮಗಳ ಸೋದರಮಾವ, ಹೊಳೆನರಸೀಪುರದ ಈ ಮದುವೆಗೆ ತಂಡವನ್ನು ಕರೆಸಿದವರು.

"ಬೇಸ್ ಅಂದ್ರೆ ಇದು ಕಣ್ರೀ. ಎದೆಗೇ ಬಂದು ಗುದ್ದುತ್ತೆ," ಎಂದು ಅವನ ಕೈ ಹಿಡಿದುಕೊಂಡರು. "ಗಂಡಿನ ಕಡೇರು ಡಿಜೆ ಬೇಕು ಅಂತ ಕೂತಿದ್ರು. ನಾನು ನಿಮ್ಮ ವಿಡಿಯೊ ತೋರ್ಸಿ, ಬೊಂಬೆ ಆಟ ಬ್ಯಾಡ, ನಿಜವಾಗಿ ನುಡ್ಸೋರು ಬರ್ಲಿ ಅಂತ ಹಟ ಮಾಡ್ದೆ."

ಭರತೇಶ ಕೈ ಬಿಡಿಸಿಕೊಳ್ಳಲಿಲ್ಲ. ಅವರು ಫೋನು ಚಾಚಿ ಇಬ್ಬರದೂ ಒಂದು ಫೋಟೊ ತೆಗೆದುಕೊಂಡರು. ನಗಬೇಕಾಗಿ ಬಂತು. ನಕ್ಕ.

ಅವರು ಹೋದ ಮೇಲೆ ವೇದಿಕೆ ಖಾಲಿಯಾಯಿತು. ಪ್ರತಿ ಕಾರ್ಯಕ್ರಮದಲ್ಲೂ ಹೀಗೆಯೇ ಆಗುತ್ತಿತ್ತು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಅನ್ನ ಹಾಕದ ಜೈನರ ಮನೆ ಅವನದು. ತಾಯಿ ಮರುದೇವಿ ಕಟ್ಟಿಕೊಟ್ಟ ಚಪಾತಿಯನ್ನು ಬೆಳಕಿರುವಾಗಲೇ ವ್ಯಾನಿನಲ್ಲಿ ಕೂತು ತಿಂದು ಮುಗಿಸುತ್ತಿದ್ದ. ಉಳಿದವರು ಎಲೆಯ ಮುಂದೆ ಕೂತಾಗ ಅವನು ವಾದ್ಯಗಳನ್ನು ಕಾಯುತ್ತ ವೇದಿಕೆಯ ಮೇಲೆ ಕೂರುತ್ತಿದ್ದ. ಕಾರ್ಯಕ್ರಮ ಹೇಗಾಯಿತು, ಯಾರು ಎಲ್ಲಿ ಎಡವಿದರು ಎಂಬ ಮಾತೆಲ್ಲ ಆ ಎಲೆಯ ಮುಂದೆಯೇ ನಡೆಯುತ್ತಿತ್ತು. ದೂರದಿಂದ ಅವರ ನಗು ಕೇಳಿಸಿದಾಗ, ಊಟ ಚೆನ್ನಾಗಿರಬೇಕು ಎಂದುಕೊಳ್ಳುತ್ತಿದ್ದ.

ಇವತ್ತು ಅವನು ವಾದ್ಯಗಳನ್ನು ಹಾಗೇ ಬಿಟ್ಟು ಊಟದ ಮನೆಗೆ ಹೋದ.

ತಂಡದವರು ಕೊನೆಯ ಮೇಜಿನಲ್ಲಿದ್ದರು. ಏನನ್ನೋ ಹೇಳುತ್ತಿದ್ದ ಡ್ರಮ್ಮಿನವನು ಭರತೇಶನನ್ನು ಕಂಡು ಬಾಯಿ ಮುಚ್ಚಿಕೊಂಡ. ಸೌಂಡ್ ನೋಡಿಕೊಳ್ಳುವ ಹಳ್ಳಿಮೈಸೂರಿನ ಬಸವೇಶ ಅನ್ನಕ್ಕೆ ಕೈ ಹಾಕಿದವನು ಹಾಗೇ ಕೂತ. ಮಾನಸಾ ಮಾತ್ರ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ಜಾಗ ಮಾಡಿದಳು.

"ಕೂತ್ಕೊಳಿ ಭರತಣ್ಣ. ಊಟ ಮಾಡಿ ಅಂತ ಉಪಚಾರ ಮಾಡೋ ಹಾಗೂ ಇಲ್ವಲ್ಲ ನಿಮ್ಗೆ," ಎಂದಳು.

ಅವನು ಕೂರಲಿಲ್ಲ. "ಯಾವತ್ತಿಂದ?" ಎಂದು ಅಮರನಾಥನನ್ನು ಕೇಳಿದ.

ಅಮರನಾಥ ಪಾಯಸವನ್ನು ಎಲೆಯ ಅಂಚಿಗೆ ಒತ್ತಿದ. "ನುಗ್ಗೇಹಳ್ಳಿ ಆದ್ಮೇಲಿಂದ ಕಣಯ್ಯ," ಎಂದ. "ನಿನ್ನ ಗಿಟಾರ್ ಲೈನು ನಿನ್ನ ಸ್ಪೀಕರಿಗೆ ಮಾತ್ರ ಬರೋ ಹಂಗೆ ಮಾಡಿದ್ವಿ. ಹೊರಗಡೆ ಬಾಕ್ಸಿಗೆ ಟ್ರ್ಯಾಕು."

ಅಲ್ಲಿ ಏನಾಗಿತ್ತು ಎಂದು ಭರತೇಶ ಕೇಳಿದ. ಬಸವೇಶ ಎದ್ದು ಕೈ ತೊಳೆದುಕೊಂಡು, ಬನ್ನಿ ಎಂದು ಅವನನ್ನು ಮಂಟಪದ ಹಿಂಭಾಗದಲ್ಲಿದ್ದ ಮಿಕ್ಸರಿನ ಹತ್ತಿರ ಕರೆದುಕೊಂಡು ಹೋದ. ಪ್ರತಿ ಕಾರ್ಯಕ್ರಮದಲ್ಲೂ ಪ್ರತಿ ವಾದ್ಯವನ್ನು ಬೇರೆ ಬೇರೆಯಾಗಿ ಮುದ್ರಿಸಿ ಇಟ್ಟುಕೊಳ್ಳುವುದು ಅವನ ಕ್ರಮ. ಹೆಡ್‌ಫೋನನ್ನು ಭರತೇಶನ ತಲೆಗೆ ತಾನೇ ಏರಿಸಿದ. ನುಗ್ಗೇಹಳ್ಳಿಯ ಆ ಹಾಡು ಶುರುವಾಯಿತು.

ಕೀಬೋರ್ಡು, ಡ್ರಮ್ಮು, ಮಾನಸಾಳ ದನಿ. ಮೊದಲ ಪಲ್ಲವಿ ಮುಗಿಯುವವರೆಗೆ ಒಂದು ಕೂದಲೆಳೆಯ ಬಿರುಕಿಲ್ಲ. ಅವಳು ಅಷ್ಟು ಚೆನ್ನಾಗಿ ಹಾಡುತ್ತಾಳೆಂದು ಅವನು ಯಾವತ್ತೂ ಗಮನಿಸಿರಲಿಲ್ಲ.

"ಇದು ನಿಮ್ದು ಇಲ್ದಂಗೆ," ಎಂದು ಬಸವೇಶ ಒಂದು ಗುಂಡಿ ಮೇಲಕ್ಕೆ ಸರಿಸಿದ. "ಇದು ನಿಮ್ದು ಸೇರ್ಸಿ."

ಬೇಸ್ ಬಂದ ಕೂಡಲೇ ಹಾಡು ಕೆಟ್ಟಿತು. ಹಾಲಿಗೆ ಹುಳಿ ಬಿದ್ದ ಹಾಗೆ, ಎಲ್ಲಿ ಏನು ಒಡೆಯಿತೆಂದು ಹೇಳಲಾಗದಂತೆ ಕೆಟ್ಟಿತು. ಒಂದಷ್ಟು ಹೊತ್ತಿನ ಮೇಲೆ ಮಾನಸಾಳ ದನಿ ತಡವರಿಸಿತು. ಕೀಬೋರ್ಡನ್ನು ಹಿಡಿಯಬೇಕೋ ಬೇಸನ್ನು ಹಿಡಿಯಬೇಕೋ ತಿಳಿಯದೆ ಅವಳು ನಡುವೆ ಎಲ್ಲೋ ಜಾರಿದಳು. ಆ ಜಾರಿಕೆ ಅವನಿಗೆ ಚೆನ್ನಾಗಿ ನೆನಪಿತ್ತು. ಅವತ್ತು ಕಾರ್ಯಕ್ರಮ ಮುಗಿದ ಮೇಲೆ ಎಲ್ಲರ ಎದುರಿಗೆ, ಕಿವಿ ನನ್ನ ಮೇಲಿಡು, ನಾನಿರುವಾಗ ನಿನಗೇನು ಭಯ ಎಂದು ಅವಳಿಗೆ ಬುದ್ಧಿ ಹೇಳಿದ್ದ. ಅವಳು ತಲೆಯಾಡಿಸಿದ್ದಳು.

ಅವನು ಬಸವೇಶನಿಂದ ಮತ್ತೆ ಮತ್ತೆ ಹಾಕಿಸಿ ಕೇಳಿದ. ಕೆಟ್ಟಿದೆ ಎಂದು ತಿಳಿಯುತ್ತಿತ್ತು. ತನ್ನ ತಂತಿ ಏರಿದೆಯೋ ಇಳಿದಿದೆಯೋ ಎನ್ನುವುದು ಮಾತ್ರ ಎಷ್ಟು ಕೇಳಿದರೂ ತಿಳಿಯಲಿಲ್ಲ. ಒಂಟಿಯಾಗಿ ಕೇಳಿದರೆ ಅವನ ಬೇಸ್ ಅವನಿಗೆ ಸರಿಯಾಗಿಯೇ ಇತ್ತು.

"ನಂಗ್ಯಾಕೆ ಹೇಳ್ಲಿಲ್ಲ?"

ಬಸವೇಶ ವೈರಿನ ಸುರುಳಿಯೊಂದನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ. "ಮೊದ್ಲು ನಾವೇ ಹೇಳ್ಲಿಲ್ಲ ಕಣಣ್ಣ. ನೀವು ಗಿಟಾರ್ ಬುಟ್ಬುಟ್ರೆ ಏನ್ಮಾಡೋದು ಅಂತ. ವಿಡಿಯೊ ಬಂದ್ಮೇಲೆ ಅಮರಣ್ಣ ಹೇಳ್ಬುಡ್ತೀನಿ ಅಂದ್ರು. ಮಾನಸಕ್ಕನೇ ಬ್ಯಾಡ ಅಂದ್ಬುಟ್ರು. ಈಗ ಹೇಳುದ್ರೆ ಸೇಡು ತೀರುಸ್ಕೊಂಡಂಗಾಯ್ತದೆ ಅಂತ."

ಬಸವೇಶ ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. ಅರಕಲಗೂಡಿನಲ್ಲಿ ಮಾನಸಾ ಸಂಜೆ ಹೊತ್ತು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದುದು ಭರತೇಶನಿಗೆ ಗೊತ್ತಿತ್ತು. ಆ ವಿಡಿಯೊ ಅಲ್ಲಿಯ ಫೋನುಗಳಿಗೂ ಹೋಗಿತ್ತಂತೆ. ಶ್ರುತಿ ತಪ್ಪುವವಳ ಹತ್ತಿರ ಏನು ಕಲಿಯುವುದು ಎಂದು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರಂತೆ. ಈಗ ಉಳಿದಿರುವುದು ಅವಳ ಅಕ್ಕನ ಮಗಳು ಮೇಘಶ್ರೀ ಒಬ್ಬಳೇ. ಆ ಹುಡುಗಿಗೋ ಹಾಡೇ ಬರುವುದಿಲ್ಲವಂತೆ.

ಭರತೇಶ ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟ. ಕಿವಿ ಬಿಸಿಯಾಗಿತ್ತು. ಹೊರಗೆ ಹೋಗಿ ಬಸ್ ಹತ್ತಿಬಿಡಬೇಕು ಅನ್ನಿಸಿತು. ಗಿಟಾರು ಬೇಕಾದರೆ ಅಲ್ಲೇ ಇರಲಿ. ಬಾಗಿಲವರೆಗೂ ಹೋದ. ಅಲ್ಲಿ ಕೈಮುಗಿದು ನಿಂತಿದ್ದ ಯಂತ್ರದ ಬೊಂಬೆಯೊಂದು ಬಂದವರಿಗೆಲ್ಲ ಸೊಂಟ ಬಗ್ಗಿಸುತ್ತಿತ್ತು. ಅದು ಅವನಿಗೂ ಬಗ್ಗಿತು. ಅವನು ಹಿಂದಿರುಗಿ ಬಂದು ಬಸವೇಶನ ಹತ್ತಿರ ಒಂದು ಬ್ಯಾಟರಿ ಕೇಳಿ ಇಸಿದುಕೊಂಡ.

ತಂಡ ಮತ್ತೆ ವೇದಿಕೆಗೆ ಬಂದಾಗ ಚಂದ್ರಶೇಖರಯ್ಯ ಆಗಲೇ ಮೈಕು ಹಿಡಿದು ನಿಂತಿದ್ದರು. ಬಂಧುಗಳಿಗೆಲ್ಲ ಒಬ್ಬ ನಿಜವಾದ ಕಲಾವಿದರನ್ನು ಪರಿಚಯಿಸುತ್ತೇನೆ, ಇವರ ವಿಡಿಯೊ ನೀವೂ ನೋಡಿರುತ್ತೀರಿ, ಇವರು ಎರಡು ಮಾತಾಡಬೇಕು ಎಂದು ಮೈಕನ್ನು ಭರತೇಶನ ಕೈಗೆ ಕೊಟ್ಟುಬಿಟ್ಟರು. ಊಟಕ್ಕೆ ಕಾದು ಕೂತಿದ್ದವರು, ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವರು, ವಧೂವರರು, ಎಲ್ಲರೂ ಅವನ ಕಡೆ ನೋಡಿದರು.

ಅವನು ಮೈಕನ್ನು ಬಾಯಿಯ ಹತ್ತಿರ ಹಿಡಿದ. "ಆ ವಿಡಿಯೊದಲ್ಲಿ ನಾನು ಒಂದು ಮಾತು ಹೇಳಿದ್ದೆ," ಎಂದ. "ನುಗ್ಗೇಹಳ್ಳೀಲಿ ಶ್ರುತಿ ತಪ್ಪಿದ್ದು ನಮ್ಮ ತಂಡದ ಹುಡುಗಿ ಅಂತ. ಮಾನಸಾ ಅಲ್ಲ, ತಪ್ಪಿದ್ದು ನಾನು."

ಚಂದ್ರಶೇಖರಯ್ಯ ಚಪ್ಪಾಳೆ ಹೊಡೆದರು. "ನೋಡಿ, ಇದಕ್ಕನ್ನೋದು ದೊಡ್ಡತನ," ಎಂದು ಮೈಕಿಲ್ಲದೆಯೇ ಕೂಗಿ ಹೇಳಿದರು. "ಹೆಣ್ಮಗಳ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ತಾರೆ." ಮುಂದಿನ ಸಾಲಿನವರೂ ಚಪ್ಪಾಳೆಗೆ ಸೇರಿದರು. ಮೆಚ್ಚುಗೆಯ ಗುಜುಗುಜು ಹಿಂದಿನ ಕುರ್ಚಿಗಳ ತನಕ ಹೋಯಿತು. ಮಾನಸಾ ತಲೆ ತಗ್ಗಿಸಿ ತನ್ನ ಮೈಕಿನ ತಂತಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿಕೊಂಡಳು.

ಭರತೇಶ ಆ ಚಪ್ಪಾಳೆಯ ನಡುವೆ ನಿಂತಿದ್ದ. ವಿಡಿಯೊದ ಮಾತನ್ನು ಎಲ್ಲರೂ ನಂಬಿದ್ದರು, ಈ ಮಾತನ್ನು ಒಬ್ಬರೂ ನಂಬಲಿಲ್ಲ. ಇನ್ನೇನು ಹೇಳಿದರೂ ಅದೂ ಅವನ ದೊಡ್ಡತನದ ಲೆಕ್ಕಕ್ಕೇ ಸೇರುತ್ತಿತ್ತು.

ಅವನು ಗಿಟಾರನ್ನು ಕೊರಳಿಗೆ ಹಾಕಿಕೊಂಡು, ಹೊಸ ಬ್ಯಾಟರಿ ಕೂರಿಸಿ, ಮತ್ತೆ ಮೈಕಿನ ಹತ್ತಿರ ಬಂದ. "ಬಸವೇಶ, ಟ್ರ್ಯಾಕು ತೆಗೆದುಬಿಡು. ನನ್ನ ಲೈನು ಹೊರಗಡೆಗೆ ಕೊಡು."

"ಬ್ಯಾಡ ಕಣಯ್ಯ," ಎಂದು ಅಮರನಾಥ ಕೀಬೋರ್ಡಿನ ಮೇಲೆ ಬಗ್ಗಿ ಮೆಲ್ಲಗೆ ಹೇಳಿದ. "ಮದುವೆ ಮನೆ. ನಾಳೆ ಮನೇಲಿ ಕೂತು ನೋಡ್ಕೊಳನ."

"ಸ್ವರ ಹಿಡ್ಕೊ, ಅಮರ."

ಅಮರನಾಥ ಹಿಡಿದ. ಕೀಬೋರ್ಡಿನ ಒಂಟಿ ಸ್ವರ ಮಂಟಪದ ತುಂಬ ನಿಂತಿತು. ಭರತೇಶ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಮೀಟಿದ. ಎರಡೂ ಬದಿಯ ಬಾಕ್ಸುಗಳಿಂದ ಅದು ಹೊರಟು, ಕೀಬೋರ್ಡಿನ ಸ್ವರಕ್ಕೆ ತಾಕಿ, ಅದರ ಪಕ್ಕದಲ್ಲಿ ಕುಂಟುತ್ತ ನಡುಗಿತು. ಮುಂದಿನ ಸಾಲಿನಲ್ಲಿ ಯಾರೋ ಮುಖ ಕಿವುಚಿದರು. ಒಬ್ಬ ಹೆಂಗಸು ಮಡಿಲ ಮಗುವಿನ ಕಿವಿಯ ಮೇಲೆ ಅಂಗೈ ಇಟ್ಟಳು. ಚಂದ್ರಶೇಖರಯ್ಯನವರ ಮುಖದ ಮೇಲಿನ ನಗು ಇನ್ನೂ ಇತ್ತು, ಆದರೆ ಅದಕ್ಕೆ ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

"ಮಾನಸಾ," ಎಂದ ಭರತೇಶ. ಮೈಕು ಬಾಯಿಯ ಹತ್ತಿರವೇ ಇತ್ತು. "ಮೇಲೋ ಕೆಳಗೋ, ಹೇಳಮ್ಮ. ನಂಗೆ ಗೊತ್ತಾಗ್ತಿಲ್ಲ."

ಅವಳು ಅಮರನಾಥನನ್ನು ನೋಡಿದಳು, ಜನರನ್ನು ನೋಡಿದಳು. ತನ್ನ ಮೈಕನ್ನು ಸೊಂಟದವರೆಗೆ ಇಳಿಸಿ, ಆ ಕೈಯ ಮರೆಯಲ್ಲಿ ಇನ್ನೊಂದು ಕೈಯ ತೋರುಬೆರಳನ್ನು ಅವನಿಗೆ ಮಾತ್ರ ಕಾಣುವಷ್ಟು ಮೇಲಕ್ಕೆತ್ತಿದಳು.

ಅವನು ಗಿಟಾರಿನ ತುದಿಯ ಬಿರಡೆಯನ್ನು ಒಂದಿಷ್ಟು ತಿರುಗಿಸಿ ಮತ್ತೆ ಮೀಟಿದ. ಬೆರಳು ಇಳಿಯಲಿಲ್ಲ. ಇನ್ನಷ್ಟು ತಿರುಗಿಸಿದ. ಹಳೆಯ ತಂತಿ ಬಿಗಿಯುವಾಗ ಕಿರ್ ಎಂದದ್ದು ಹಿಂದಿನ ಬಾಗಿಲವರೆಗೂ ಕೇಳಿಸಿತು. ಅವನು ಕಣ್ಣು ಮುಚ್ಚದೆ ಅವಳ ಕೈಯನ್ನೇ ನೋಡುತ್ತ ತಂತಿಯನ್ನು ಮೀಟಿದ, ತಿರುಗಿಸಿದ, ಮೀಟಿದ. ಸಾಕು, ಇದು ದಾಟಿಹೋಯಿತು, ಇನ್ನು ತಂತಿ ಹರಿಯುತ್ತದೆ ಎಂದು ಅವನ ಕಿವಿ ಹೇಳುತ್ತಿತ್ತು. ಅವಳ ಬೆರಳು ಇನ್ನೂ ಮೇಲಕ್ಕೇ ಹೋಗುತ್ತಿತ್ತು.