ಹಿಟ್ಟು ಮೆತ್ತಿದ ಹುಣಸೆ ಬೀಜ

ಗ್ರಾಂಟ್ ರೋಡಿನ ಕಾಂತಪ್ಪನ ಹೋಟೆಲಿನಲ್ಲಿ ಸದಾನಂದ ಅದುವರೆಗೆ ಹುಯ್ದ ದೋಸೆಗಳನ್ನು ಸಾಲಾಗಿ ಹಾಸಿದ್ದರೆ ಕಾಲಿಗೆ ಮಣ್ಣು ತಾಗದೆ ಉಡುಪಿ ಮುಟ್ಟಬಹುದಿತ್ತು. ಒಲೆಯ ಹೊಗೆಯೋ, ಊರಾಚೆ ಅಂಧೇರಿಯ ಕಾಗೆಗಳೂ ಕೆಮ್ಮಬೇಕು, ಅಂಥದ್ದು. ಅಡುಗೆಮನೆಗಿದ್ದ ಒಂದೇ ಕಿಟಕಿಗೆ, ಮಾಳಿಗೆಯವರು ಹೊಗೆಯೆಂದು ಜಗಳ ತೆಗೆದದ್ದಕ್ಕೆ, ಕಾಂತಪ್ಪ ಹಲಗೆ ಹೊಡೆಸಿದ್ದ. ಅಂದಿನಿಂದ ಸದಾನಂದನ ಕಣ್ಣು ಕೆಂಡ. ಸಂಜೆಯಾದರೆ ಕಾವಲಿಯೂ ಮಸುಕು. ಕಣ್ಣು ಹೋದರೆ ಕೆಲಸ ಹೋಯಿತು. ಬಾಯಿಬಿಟ್ಟರೂ ಹೋಯಿತು, ಬಾಯಿಬಿಟ್ಟಿದ್ದ ಹಿಂದಿನ ದೋಸೆಯವನು ಈಗ ಯಾವ ಲೋಕದಲ್ಲಿದ್ದಾನೋ.

ಒಂದೇ ವಾರದಲ್ಲಿ ಇಬ್ಬರು ಸಪ್ಲೈಯರುಗಳು ಎದುರಿನ ಹೋಟೆಲಿಗೆ ಹಾರಿದಾಗ ಕಾಂತಪ್ಪನಿಗೆ ಜ್ಞಾನೋದಯವಾಯಿತು. ಬೆಳಿಗ್ಗೆ ಚೊಂಬೊಂದನ್ನು ಹಿಟ್ಟಿನ ಪಾತ್ರೆಯ ಪಕ್ಕದಲ್ಲಿಟ್ಟು ಎಲ್ಲರನ್ನೂ ಕರೆದ.

"ನಿಮ್ಮ ಮನಸ್ಸಲ್ಲಿ ಎಂತ ಉಂಟೂಂತ ನಂಗೆ ಗೊತ್ತಾಗ್ಬೇಕು ಮಾರಾಯ್ರೆ. ಸುಖ ಇದ್ದವ ತೊಗರಿಬೇಳೆ ಹಾಕಿ, ಕಷ್ಟ ಇದ್ದವ ಹುಣಸೆ ಬೀಜ. ಯಾರು ಹಾಕಿದ್ದೂಂತ ದೇವರಿಗೂ ಗೊತ್ತಾಗ್ಲಿಕ್ಕಿಲ್ಲ!"

ಸದಾನಂದ ಎರಡು ದೋಸೆಯ ನಡುವೆ ಕಾಲೆಳೆಯುತ್ತ ಮೊದಲಿಗನಾಗಿ ಬಂದು ಹುಣಸೆ ಬೀಜ ಹಾಕಿದ. ಬೆರಳ ಹಿಟ್ಟು ಬೀಜಕ್ಕೆ ಮೆತ್ತಿದ್ದು ಅವನ ಕಣ್ಣಿಗೆ ಕಾಣಲಿಲ್ಲ. ಹಿಂದೆ ನಿಂತಿದ್ದ, ತಟ್ಟೆ ತೊಳೆಯುವ ಅಂಗಾರನಿಗೆ ಕಂಡಿತು. ಹೆಸರು ಸದಾನಂದನಿಗೇ ಹೋಗಲೆಂದು ಅವನು ತನ್ನ ಬೀಜವನ್ನೂ ಹಿಟ್ಟಿನಲ್ಲಿ ಮೆಲ್ಲಗೆ ಅದ್ದಿ ಹಾಕಿದ. ಅವನ ಹಿಂದಿನವರೂ ಹಾಗೆಯೇ.

ಮಧ್ಯಾಹ್ನ ಗಿರಾಕಿ ಕರಗಿದ ಮೇಲೆ ಕಾಂತಪ್ಪ ಎಲ್ಲರೆದುರು ಚೊಂಬನ್ನು ಬಾಳೆಲೆಗೆ ಸುರಿದ. ಬೇಳೆ ಹೆಸರಿಗೂ ಇಲ್ಲ. ಬೀಜವೆಲ್ಲ ಬೆಳ್ಳಗೆ.

"ಸದಾನಂದಾ! ಇಷ್ಟೂ ನೀನೇ ಹಾಕಿದ್ದಾ? ನಿನ್ನೊಬ್ಬಂಗೇ ಇಷ್ಟು ಕಷ್ಟವಾ?"

ಸದಾನಂದ ತನ್ನ ಬೆರಳು ನೋಡಿಕೊಂಡ. ಉಳಿದವರು ಜಂತಿಯಲ್ಲಿ ರಂಭೆ ಕುಣಿಯುತ್ತಿದ್ದಾಳೆಂಬಂತೆ ಮೇಲೆ ನೋಡುತ್ತಿದ್ದರು. ಸಿಟ್ಟು ಮಾಡುವಷ್ಟು ತ್ರಾಣವೂ ಸದಾನಂದನಲ್ಲಿರಲಿಲ್ಲ.

"ಒಂದು ನಂದು ಧಣಿ. ಕಿಟಕಿದು. ಕಣ್ಣು ಹೋಗ್ತಾ ಉಂಟು. ಉಳಿದದ್ದು ನಂಗೊತ್ತಿಲ್ಲ. ಕಳಿಸುದಾದ್ರೆ ಈಗ್ಲೇ ಹೇಳಿ, ಒಲೆ ಆರಿಸ್ತೇನೆ."

ಕೊನೆಗೆ ಅಂಗಾರ ಗಂಟಲು ಸರಿಮಾಡಿದ. "ಒಂದು ನಂದು. ಮೋರಿನೀರಲ್ಲಿ ನಿಂತು ಕಾಲ್ಬೆರಳು ಕೊಳೀತಾ ಉಂಟು."

"ನಂದೂ ಉಂಟು," ಎಂದ ಸಪ್ಲೈಯರ್ ಶೇಖರ. "ನಮ್ಗೆ ಸಿಕ್ಕುವಾಗ ಅನ್ನ ಕಲ್ಲಾಗಿರ್ತದೆ."

ಆಮೇಲೆ ಒಬ್ಬೊಬ್ಬರೇ ಶುರುಮಾಡಿದರು. ಕಾಂತಪ್ಪನ ಬೆವರಿನಲ್ಲಿ ಒಂದು ದೋಣಿ ತೇಲುತ್ತಿತ್ತು.

"ನಿಲ್ಸಿ ಮಾರಾಯ್ರೆ! ಕೇಳಿದ್ದೇ ತಪ್ಪಾಯ್ತಾ?"

"ನೀವೇ ಕೇಳಿದ್ದಲ್ವಾ?" ಎಂದ ಶೇಖರ.

ಕಾಂತಪ್ಪ ಬೀಜಗಳನ್ನು ನೋಡಿದ. ಎದುರಿನ ಹೋಟೆಲನ್ನೂ ನೋಡಿದ. "ಇವತ್ತು ಕಿಟಕಿ. ಉಳಿದದ್ದು ಒಂದೊಂದೇ," ಎಂದು ತಾನೇ ಸುತ್ತಿಗೆ ಹಿಡಿದು ಹಲಗೆ ಕಿತ್ತ.

ಹೊಗೆ ಹೊರಟಿತು, ಬೀದಿಯ ಧೂಳು ಒಳಬಂತು. ಮಾಳಿಗೆಯ ಹೆಂಗಸು ದೂರದ ವಿಲೆ ಪಾರ್ಲೆಗೂ ಕೇಳುವಂತೆ ಬೈಯತೊಡಗಿದಳು. ಕಾಂತಪ್ಪ ಕಿಟಕಿಯಲ್ಲಿ ತಲೆ ಹಾಕಿ, ಕೈಮುಗಿದು, ಬೈಗಳನ್ನೆಲ್ಲ ಒಬ್ಬನೇ ತಿಂದ.

ಸದಾನಂದ ಕಣ್ಣೊರೆಸಿಕೊಂಡ. ಕಾವಲಿಯ ಅಂಚು ಒಂದಿಷ್ಟು ಕಾಣುತ್ತಿತ್ತು. ನಿಟ್ಟುಸಿರು ಬಿಟ್ಟು ಸೌಟು ಎತ್ತಿಕೊಂಡ.